ಗಟ್ಟಿಮೇಳಕ್ಕೆ ಬಾಗಿಲು ಹಾಕಿದ ವಿಜಯ

ಕಳೆದ ಮಾಘಮಾಸದ ಒಂದು ಬೆಳಿಗ್ಗೆ, ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಎಂಟು ಗಂಟೆಗೆ ಸರಿಯಾಗಿ ಆದ ಒಂದು ಶಬ್ದಕ್ಕೆ ಇಂದಿಗೂ ಯಾರೂ ಹೆಸರಿಟ್ಟಿಲ್ಲ. ಎದುರುಮನೆಯ ವಿನುತಾ ಅದು ಟ್ರಾನ್ಸ್‌ಫಾರ್ಮರ್ ಸಿಡಿದದ್ದೆಂದು ವಿದ್ಯುತ್ ಕಚೇರಿಗೆ ಫೋನು ಮಾಡಿದಳು. ಮೂಲೆಮನೆಯ ನಿವೃತ್ತ ಮೇಷ್ಟ್ರು ಚಂದ್ರಶೇಖರಯ್ಯನವರು ನೂರೆಂಟರ ಜಪದಲ್ಲಿ ತೊಂಬತ್ತಮೂರಕ್ಕೆ ಬಂದಿದ್ದವರು ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದರು. ತರಗುಪೇಟೆಯಿಂದ ಬೇಳೆಮೂಟೆ ಹೇರಿಕೊಂಡು ಬರುತ್ತಿದ್ದ ಗೂಡ್ಸ್ ಆಟೋದವನು ತನ್ನ ಟೈರೇ ಹೋಯಿತೆಂದು ಇಳಿದು ಮೂರು ಚಕ್ರಗಳನ್ನೂ ಒದ್ದು ನೋಡಿದ. ಮೂರೂ ಸರಿಯಾಗಿದ್ದವು. ಅದರಿಂದ ಅವನ ಅನುಮಾನ ಇನ್ನೂ ಹೆಚ್ಚಾಯಿತು.

ಶಬ್ದ ಹುಟ್ಟಿದ್ದು ನನ್ನ ಮನೆಯ ಮಹಡಿಯಲ್ಲಿ. ಅಲ್ಲಿ ದೊರೆಸ್ವಾಮಿ ಬಾಡಿಗೆಗಿದ್ದಾನೆ. ಸರಕಾರಿ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಬಂದ ಕಾಗದಕ್ಕೆ ಮೊಹರು ಹೊಡೆದು ನಿವೃತ್ತನಾದವನು. ಮದುವೆಯಾಗದವನು, ಆದ್ದರಿಂದಲೇ ಮದುವೆಗಳ ಬಗ್ಗೆ ಬಹಳ ಉತ್ಸಾಹ ಉಳ್ಳವನು. ನಿವೃತ್ತಿಯಾದ ಮಾರನೆಯ ತಿಂಗಳೇ ಲ್ಯಾಪ್‌ಟಾಪು ಕೊಂಡು, ಅದರಲ್ಲಿ ಸಂಗೀತ ಕೂಡಿಸುವ ಸಾಫ್ಟ್‌ವೇರು ಹಾಕಿಸಿ, ಬಾಗಿಲಿಗೆ ‘ಸೌಂಡ್ ಇಂಜಿನಿಯರ್’ ಎಂದು ಫಲಕ ತೂಗುಹಾಕಿದ. ಓದದೆ ಇಂಜಿನಿಯರ್ ಎಂದು ಬರೆಸಬಹುದೇ ಎಂದು ನಾನು ಕೇಳಿದ್ದಕ್ಕೆ, “ಸೌಂಡ್ ಅಂತ ಮುಂದೆ ಇದೆಯಲ್ಲ ಸ್ವಾಮಿ, ಅದು ಇದ್ರೆ ನಡೆಯುತ್ತೆ” ಎಂದ.

ಕಳೆದ ಆಷಾಢದಲ್ಲಿ ನನ್ನ ಮನೆಯಾಕೆ ಪರಮಪದ ಸೇರಿದ ಮೇಲೆ ನನ್ನ ಮನೆಯಲ್ಲಿ ಕುಕ್ಕರಿನ ಕೂಗೊಂದನ್ನು ಬಿಟ್ಟರೆ ಬೇರೆ ಶಬ್ದವಿರಲಿಲ್ಲ. ಹಾಗಾಗಿ ಆ ಆರ್ಭಟಕ್ಕೆ ಮೊದಲು ಹೆದರಿದರೂ, ಮೆಟ್ಟಿಲು ಹತ್ತುವಾಗ ನನ್ನ ಬಾಯಿಂದ ಜೋರಾಗಿ ಬೈಗುಳ ಬರುತ್ತಿರುವುದನ್ನು ಕೇಳಿ ನನಗೇ ಒಂದು ರೀತಿಯ ಸಮಾಧಾನವಾಯಿತು.

ದೊರೆಸ್ವಾಮಿ ಮೇಜಿನ ಕೆಳಗಿದ್ದ. ಹೆಡ್‌ಫೋನು ಕಿಟಕಿಯ ಸರಳಿಗೆ ಸಿಕ್ಕಿ ನೇತಾಡುತ್ತಿತ್ತು. ಹೊಸ ಸ್ಪೀಕರಿನ ಎದೆಯ ಕಾಗದ ಹರಿದು ನಾಲಗೆಯಂತೆ ಹೊರಗೆ ಚಾಚಿತ್ತು.

“ಏನಯ್ಯಾ ಮಾಡ್ದೆ?”

“ತಿಂಡಿ ಆಯ್ತು ಸ್ವಾಮಿ!” ಎಂದು ಕಿರುಚಿದ.

ಅಷ್ಟರಲ್ಲಿ ವಿದ್ಯುತ್ ಕಚೇರಿಯ ಲೈನ್‌ಮನ್ ಏಣಿ ಸಮೇತ ಬಂದ. “ಎಲ್ರೀ ಸಿಡಿದಿದ್ದು?”

ವಿಷಯವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ದೊರೆಸ್ವಾಮಿಗೆ ಅರ್ಥವಾಯಿತು. ಅವನು ಮೈಕನ್ನು ಸ್ಪೀಕರಿನ ಎದುರಿಗೇ ಇಟ್ಟು, ಸದ್ದು ಸಾಲದೆಂದು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದ. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮೈಕಿನದು ಸ್ಪೀಕರಿಗೆ ಬಂದು, ಬೀಗರಿಬ್ಬರು ಒಬ್ಬರ ಮಾತನ್ನು ಇನ್ನೊಬ್ಬರು ದೊಡ್ಡದು ಮಾಡಿಕೊಂಡ ಹಾಗೆ, ಕ್ಷಣದಲ್ಲಿ ಅನಾಹುತವಾಗಿತ್ತು.

“ಈಗ ರಿಪೋರ್ಟಲ್ಲಿ ಏನಂತ ಬರೀಲಿ ನಾನು?” ಎಂದು ಲೈನ್‌ಮನ್ ಅದೇ ಕಾಗದದಲ್ಲಿ ಬರೆದು ಕೇಳಿದ.

“ಸಂಗೀತ ಅಂತ ಬರೀರಿ” ಎಂದ ದೊರೆಸ್ವಾಮಿ.

“ಅದು ನಮ್ಮ ಇಲಾಖೆಗೆ ಬರಲ್ಲ” ಎಂದು ಅವನು ಏಣಿ ಹೊತ್ತು ಹೋದ.

ಮೂರು ದಿನ ದೊರೆಸ್ವಾಮಿಯ ಕಿವಿಯಲ್ಲಿ ಗಂಟೆ ಬಾರಿಸುತ್ತಿತ್ತು. ಯಾರೋ ಕರೆಯುತ್ತಿದ್ದಾರೆಂದು ಫೋನೆತ್ತಿ ‘ಹಲೋ’ ಎನ್ನುತ್ತಿದ್ದ. ಬಾಗಿಲು ತೆರೆದು ಯಾರೂ ಇಲ್ಲದ ಮೆಟ್ಟಿಲಿಗೆ ‘ಬನ್ನಿ ಬನ್ನಿ’ ಎನ್ನುತ್ತಿದ್ದ. ಡಾಕ್ಟರು ನೋಡಿ, “ಕಿವಿ ಉಳಿದಿದ್ದು ನಿಮ್ಮ ಪುಣ್ಯ. ಒಳಗಿನ ಸಣ್ಣ ಕೂದಲು ಉದುರಿಹೋದ್ರೆ ಮತ್ತೆ ಬೆಳೆಯಲ್ಲ” ಎಂದು ಅವನ ಬೋಳುತಲೆಯನ್ನು ನೋಡುತ್ತಾ ಹೇಳಿದರಂತೆ. ಆ ನೋಟ ಅವನ ಮನಸ್ಸಿಗೆ ನಾಟಿತು.

ಭಾನುವಾರ ಮಲ್ಲೇಶ್ವರದಿಂದ ಅವನ ತಂಗಿ ಆಂಡಾಳ್ ಮಗಳು ಧೃತಿಯನ್ನು ಕರೆದುಕೊಂಡು ಬಂದಳು. ಧೃತಿ ಪಾಠಗಳನ್ನು ಧ್ವನಿಮುದ್ರಣ ಮಾಡುವ ಕಡೆ ಕೆಲಸದಲ್ಲಿದ್ದಾಳೆ. ಹರಿದ ಸ್ಪೀಕರನ್ನು ನೋಡಿ ತಲೆ ಚಚ್ಚಿಕೊಂಡು, ಲ್ಯಾಪ್‌ಟಾಪು ತೆರೆದಳು.

“ಮಾಮ, ಕಾವಲು ಇಲ್ದೇ ಯಾರಾದ್ರೂ ಮೈಕ್ ಆನ್ ಮಾಡ್ತಾರಾ? ನೋಡಿ, ಇದರ ಹೆಸರು ಲಿಮಿಟರ್ ಅಂತ. ಸದ್ದು ಮಿತಿ ಮೀರಿದ್ರೆ ಇದು ಅದರ ತಲೆ ಬಗ್ಗಿಸಿ ಒಳಗೆ ಬಿಡುತ್ತೆ. ಕಿವಿನೂ ಉಳಿಯುತ್ತೆ, ಸ್ಪೀಕರೂ ಉಳಿಯುತ್ತೆ.”

“ಅದರ ಪಕ್ಕದ್ದು?”

“ಅದು ಮಹಾ ಸ್ಟ್ರಿಕ್ಟು. ದಿಢೀರ್ ಅಂತ ಸದ್ದು ಏರಿದ್ರೆ ಪೂರ್ತಿ ಬಾಗಿಲು ಹಾಕ್ಬಿಡುತ್ತೆ. ಆಮೇಲೆ ನಾವೇ ಹೋಗಿ ಈ ಕೆಂಪು ಗುಂಡಿ ಒತ್ತೋವರೆಗೂ ಒಂದು ಪಿಸುಮಾತೂ ಹೊರಗೆ ಬರಲ್ಲ. ನಿಮಗೆ ಅದು ಬೇಡ. ಮೊದಲನೇದು ಸಾಕು.”

‘ಬೇಡ’ ಎಂದ ಕೂಡಲೇ ದೊರೆಸ್ವಾಮಿಗೆ ಅದೇ ಬೇಕಾಯಿತು. ಎರಡನ್ನೂ ನೇಮಿಸಿಕೊಂಡ. ದೈವಭಕ್ತನಾದ್ದರಿಂದ ಅವುಗಳಿಗೆ ವೈಕುಂಠದ ದ್ವಾರಪಾಲಕರ ಹೆಸರಿಟ್ಟ. ಮೆತ್ತಗಿನವನು ಜಯ, ಅವನನ್ನು ತನ್ನ ಹೆಡ್‌ಫೋನಿನ ದಾರಿಯಲ್ಲಿ ನಿಲ್ಲಿಸಿದ. ಕಠಿಣನಾದವನು ವಿಜಯ, ಅವನನ್ನು ದೊಡ್ಡ ಸ್ಪೀಕರಿನ ಬಾಗಿಲಲ್ಲಿ ನಿಲ್ಲಿಸಿದ. ವೈಕುಂಠದಲ್ಲಿ ಇದೇ ಇಬ್ಬರು ಒಳಗೆ ಬಿಡಬೇಕಾದ ಮಹರ್ಷಿಗಳನ್ನೇ ಬಾಗಿಲಲ್ಲಿ ತಡೆದು ಶಾಪಕ್ಕೆ ಗುರಿಯಾದರೆಂಬುದು ನಮಗೆಲ್ಲ ಗೊತ್ತಿದ್ದ ಕಥೆ. ಆದರೆ ಗೊತ್ತಿದ್ದ ಕಥೆ ಸರಿಯಾದ ಹೊತ್ತಿಗೆ ನೆನಪಿಗೆ ಬಂದದ್ದು ಪ್ರಪಂಚದಲ್ಲಿ ಕಡಿಮೆ.

ವೈಶಾಖಕ್ಕೆ ಧೃತಿಯ ಮದುವೆ ನಿಶ್ಚಯವಾಯಿತು. ವರ ಕಶ್ಯಪ್, ಸಾಧು ಹುಡುಗ. ವರನ ಅಜ್ಜಿ ಕೋಮಳಮ್ಮನವರು, ಎಂಬತ್ತೊಂದು ವರ್ಷ, ಸಾಧು ಎಂದು ಅವರ ಬಂಧುಗಳೂ ಹೇಳುವುದಿಲ್ಲ. ಅವರಿಗೆ ಸಿಟ್ಟಿಲ್ಲ, ಆಸೆಯಿಲ್ಲ, ವರದಕ್ಷಿಣೆಯ ಮಾತೇ ಇಲ್ಲ. ಇರುವುದೊಂದೇ: ಶಕುನ. ಅದರಲ್ಲೂ ಸೀನು. ಜೋಡಿ ಸೀನು ಶುಭ, ಒಂಟಿ ಸೀನು ಕೇಡು. ಕಶ್ಯಪನ ಅಣ್ಣನಿಗೆ ಮೊದಲು ಗೊತ್ತಾಗಿದ್ದ ಸಂಬಂಧವನ್ನು ನಿಶ್ಚಿತಾರ್ಥದ ದಿನ ಹೆಣ್ಣಿನ ಕಡೆಯ ಯಾರೋ ಒಂದು ಸಲ ಸೀನಿದರೆಂದು ಹಣ್ಣಿನ ತಟ್ಟೆಯ ಸಮೇತ ಹಿಂದಕ್ಕೆ ಕಳಿಸಿದ್ದರು.

ಇದನ್ನು ಕೇಳಿದ ದಿನದಿಂದ ಆಂಡಾಳಿಗೆ ನಿದ್ದೆಯಿಲ್ಲ. ಏಕೆಂದರೆ ಅವಳ ಅಣ್ಣ ದೊರೆಸ್ವಾಮಿಯ ಮೂಗು ಅರಿಸಿನದ ಪುಡಿಗಾಗಲಿ ಸಾಂಬ್ರಾಣಿಗಾಗಲಿ ತಡೆಯುವುದಿಲ್ಲ. ಮತ್ತು ಹುಟ್ಟಿದಾರಭ್ಯ ಅವನು ಒಂದೇ ಒಂದು ಸಲ ಸೀನುವವನು. ಅದೂ ಸಣ್ಣದಲ್ಲ. ಅವನು ನನ್ನ ಮಹಡಿಯಲ್ಲಿ ಸೀನಿದರೆ ಕೆಳಗೆ ನನ್ನ ದೇವರಮನೆಯ ದೀಪ ಅಲುಗುತ್ತದೆ.

“ಅಣ್ಣಾ, ನೀನು ಮದುವೆಗೆ ಬರ್ಲೇಬೇಕು, ಸೋದರಮಾವ. ಆದ್ರೆ ಸೀನ್ಬೇಡ” ಎಂದು ಆಂಡಾಳ್ ನನ್ನೆದುರಿಗೇ ಅವನ ಕೈ ಹಿಡಿದುಕೊಂಡಳು. “ನನ್ನ ಮಗಳು ಆ ಹುಡುಗನ್ನ ಬಿಟ್ರೆ ಬೇರೆಯವರನ್ನ ಒಪ್ಪಲ್ಲ. ಆ ಅಜ್ಜಿ ಎದ್ದು ಹೋದ್ರೆ ಮುಗೀತು.”

“ಹುಚ್ಚಿ, ಗಟ್ಟಿಮೇಳ ಇರೋದು ಯಾತಕ್ಕೆ?” ಎಂದ ದೊರೆಸ್ವಾಮಿ.

ಅವನು ಹೇಳಿದ್ದು ಶಾಸ್ತ್ರಸಮ್ಮತವಾದ ಮಾತೇ. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುತ್ತಾರೆ. ಅದುವರೆಗೆ ಹದವಾಗಿ ಹರಿಯುತ್ತಿದ್ದ ನಾಗಸ್ವರ ಡೋಲು ಒಮ್ಮೆಲೇ ಸಿಡಿಲಿನಂತೆ ಎರಗುತ್ತವೆ. ಆ ಕ್ಷಣದಲ್ಲಿ ಯಾರ ಕೆಮ್ಮೂ, ಯಾರ ಸೀನೂ, ಯಾವ ಅತ್ತೆಯ ಗೊಣಗೂ ವಧೂವರರ ಕಿವಿಗೆ ಬೀಳಬಾರದೆಂದು ಹಿರಿಯರು ಮಾಡಿಟ್ಟ ಏರ್ಪಾಡು ಅದು.

“ಎಷ್ಟು ಹೊತ್ತಾದ್ರೂ ತಡೆದಿಟ್ಕೊಳ್ತೀನಿ” ಎಂದ ದೊರೆಸ್ವಾಮಿ. “ಗಟ್ಟಿಮೇಳ ಶುರುವಾದ್ಮೇಲೆ ಬಿಡ್ತೀನಿ. ದೇವೇಂದ್ರನಿಗೂ ಕೇಳಲ್ಲ.”

ಯಾವಾಗಲೂ ಆಂಡಾಳಿನ ಮನೆಗೆ ಬರುವ ನಾಗಸ್ವರದವರನ್ನು ಅದೇ ಲಗ್ನಕ್ಕೆ ಬೇರೆಯವರು ಗೊತ್ತುಮಾಡಿಕೊಂಡಿದ್ದರು. “ನನ್ನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಜನ ವಾದ್ಯದವರು ಕೂತಿದಾರೆ, ಅವರಿಗೆ ಊಟಾನೂ ಬೇಡ” ಎಂದು ದೊರೆಸ್ವಾಮಿ ಆ ಹೊಣೆಯನ್ನೂ ಹೊತ್ತ. ದೊಡ್ಡ ಸ್ಪೀಕರುಗಳನ್ನು ಬಾಡಿಗೆಗೆ ಕೊಡುವ ಯೋಗಾನಂದನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ.

“ನೋಡಿ ಸಾರ್, ಈ ಸ್ಪೀಕರ್‌ಗಳು ನನ್ ಮಕ್ಳಿದ್ದಂಗೆ” ಎಂದ ಯೋಗಾನಂದ. “ಹೋದ ವಾರ ಒಬ್ರು ಮೈಕ್ ಆನ್ ಇರುವಾಗ್ಲೇ ವೈರ್ ಕಿತ್ತು ‘ಢಬ್’ ಅನ್ಸಿದ್ರು. ಎರಡು ಮಕ್ಳು ಔಟು.”

“ಭಯ ಪಡಬೇಡಪ್ಪ. ಬಾಗಿಲಲ್ಲಿ ವಿಜಯ ಇದಾನೆ.”

“ಸೆಕ್ಯೂರಿಟಿ ಬೇರೆ ಇಟ್ಟಿದೀರಾ? ಸೂಪರ್ ಗುರುಗಳೇ!”

ಬಸವನಗುಡಿಯ ಒಂದು ಹಳೆಯ ಕಲ್ಯಾಣಮಂಟಪದಲ್ಲಿ ಮದುವೆ. ಹಿಂದಿನ ದಿನ ಸಂಜೆ ದೊರೆಸ್ವಾಮಿ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು ನಿಲ್ಲಿಸಿ ಎಲ್ಲವನ್ನೂ ಪರೀಕ್ಷೆ ಮಾಡಿದ. ತಂಬೂರಿ ನುಡಿಸಿದ, ನುಡಿಯಿತು. ನಾಗಸ್ವರದ ಆಲಾಪನೆ ಹಾಕಿದ, ಹರಿಯಿತು. ಪುರೋಹಿತರಾದ ಭಾಷ್ಯಂ ವಾಧ್ಯಾರರ ಮೈಕಿನಲ್ಲಿ ತಾನೇ ಮಂತ್ರ ಹೇಳಿ ನೋಡಿದ, ಸರಿಯಾಗಿ ಕೇಳಿಸಿತು.

“ಆ ಜೋರು ಐಟಮ್ಮೂ ಒಂದ್ಸಲ ಚೆಕ್ ಮಾಡ್ಬಿಡಿ ಸಾರ್” ಎಂದ ಯೋಗಾನಂದ.

“ಛೆ ಛೆ! ತಾಳಿ ಇಲ್ದೇ ಗಟ್ಟಿಮೇಳವೇ?” ಎಂದು ದೊರೆಸ್ವಾಮಿ ಕಿವಿ ಮುಚ್ಚಿಕೊಂಡ.

ಅಲ್ಲಿದ್ದ ಹಿರಿಯರೆಲ್ಲ ಹೌದೆಂದರು. ಹಾಗೆ ಹೌದೆಂದವರಲ್ಲಿ ನಾನೂ ಒಬ್ಬ. ಹೀಗಾಗಿ ವಿಜಯನಿಗೂ ಗಟ್ಟಿಮೇಳಕ್ಕೂ ಮುಖಪರಿಚಯವೇ ಆಗಲಿಲ್ಲ.

ಮುಹೂರ್ತ ಒಂಬತ್ತು ಗಂಟೆ ನಲವತ್ತೆಂಟು ನಿಮಿಷದಿಂದ ಹತ್ತು ಗಂಟೆ ಹನ್ನೆರಡು ನಿಮಿಷದವರೆಗೆ. ಕೃಷ್ಣರಾಜ ಮಾರುಕಟ್ಟೆಯಿಂದ ಬೆಳಗಿನ ಜಾವ ತಂದ ಮಲ್ಲಿಗೆ, ಹೋಮದ ಹೊಗೆ, ಅಕ್ಷತೆಯ ಅರಿಸಿನ ಎಲ್ಲ ಸೇರಿ ದೊರೆಸ್ವಾಮಿಯ ಮೂಗಿನ ವಿರುದ್ಧ ಸಂಚು ಮಾಡಿದ್ದವು. ಮಂಟಪದ ಪಕ್ಕದ ಮೇಜಿನ ಹಿಂದೆ, ರೇಷ್ಮೆ ಪಂಚೆ ಉಟ್ಟು, ತಲೆಗೆ ಹೆಡ್‌ಫೋನು ಹಾಕಿ ಕೂತಿದ್ದ ಅವನು ಒಂಬತ್ತೂವರೆಯಿಂದಲೇ ಸೀನನ್ನು ತಡೆಯಲು ಆರಂಭಿಸಿದ. ಮೂಗು ಹಿಡಿದ. ನಾಲಗೆಯನ್ನು ಮೇಲಕ್ಕೆ ಒತ್ತಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಮುಂದಿನ ಸಾಲಿನ ಹೆಂಗಸೊಬ್ಬರು ಅದನ್ನು ನೋಡಿ, “ಸೋದರಸೊಸೆ ಮೇಲೆ ಎಷ್ಟು ಪ್ರೀತಿ ನೋಡ್ರೀ, ಪಾಪ” ಎಂದು ತಾವೂ ಕಣ್ಣೊರೆಸಿಕೊಂಡರು.

ಹತ್ತು ಗಂಟೆ ಎರಡು ನಿಮಿಷಕ್ಕೆ ಕಶ್ಯಪ ತಾಳಿ ಕೈಗೆ ತೆಗೆದುಕೊಂಡ. ವಾಧ್ಯಾರರು ಕೈಯೆತ್ತಿದರು.

“ಗಟ್ಟಿಮೇಳ! ಗಟ್ಟಿಮೇಳ!”

ದೊರೆಸ್ವಾಮಿ ಗುಂಡಿ ಒತ್ತಿದ. ಇಪ್ಪತ್ತು ವಾದ್ಯದವರು ಒಟ್ಟಿಗೆ ಎರಗಿದರು. ಸ್ಪೀಕರಿನ ಬಾಗಿಲಲ್ಲಿದ್ದ ವಿಜಯ ಈ ದಂಡನ್ನು ನೋಡಿ, ಇದಕ್ಕಿಂತ ದೊಡ್ಡ ಅಪಾಯ ಇನ್ನಿಲ್ಲವೆಂದು ನಿರ್ಧರಿಸಿ, ಫಡಾರನೆ ಬಾಗಿಲು ಹಾಕಿದ.

ಶಬ್ದವಿಲ್ಲದ ಮನೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಶಬ್ದವಿಲ್ಲದ ಮದುವೆಮನೆಯನ್ನು ಅಂದೇ ಮೊದಲು ನೋಡಿದೆ. ಆರುನೂರು ಜನ ಅಕ್ಷತೆ ಹಿಡಿದ ಕೈಯನ್ನು ಗಾಳಿಯಲ್ಲಿಯೇ ನಿಲ್ಲಿಸಿದರು. ಒಂದು ಬಳೆಯ ಸದ್ದೂ ಇಲ್ಲ.

ಹೆಡ್‌ಫೋನಿನ ದಾರಿಯಲ್ಲಿದ್ದ ಮೆದು ಸ್ವಭಾವದ ಜಯ ಮಾತ್ರ ಎಲ್ಲರನ್ನೂ ಒಳಗೆ ಬಿಟ್ಟಿದ್ದ. ದೊರೆಸ್ವಾಮಿಯ ಕಿವಿಯಲ್ಲಿ ಡೋಲು ಮೊಳಗುತ್ತಿತ್ತು. ಸಭೆಯಲ್ಲೂ ಹಾಗೆಯೇ ಮೊಳಗುತ್ತಿದೆಯೆಂದು ನಂಬಿದ ಅವನು ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ, ಅರ್ಧ ಗಂಟೆ ತಡೆದಿದ್ದನ್ನು ಪೂರ್ಣ ತೃಪ್ತಿಯಿಂದ ಬಿಟ್ಟ.

“ಹಾ... ಹಾಕ್ಷೀ!”

ಅದು ಚಾವಣಿಗೆ ಬಡಿದು, ಊಟದ ಮನೆಗೆ ಹೋಗಿ, ಹಿಂದಿರುಗಿ ಬಂತು. ಕಶ್ಯಪನ ಕೈ ಧೃತಿಯ ಕೊರಳಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತುಹೋಯಿತು.

“ನಿಲ್ಸೋ!” ಎಂದರು ಕೋಮಳಮ್ಮನವರು.

ದೊರೆಸ್ವಾಮಿಗೆ ಇದಾವುದೂ ತಿಳಿಯದು. ಕಣ್ಣು ತೆರೆದು, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಗಟ್ಟಿಮೇಳ ಬಹಳ ಚೆನ್ನಾಗಿ ಬಂದಿದೆಯೆಂದು ಭಾವಿಸಿ ಸಭೆಗೆ ಕೈಮುಗಿದ. ಧೃತಿ ಮಣೆಯ ಮೇಲಿಂದಲೇ ಕೈ ಅಡ್ಡ ಬೀಸಿ ಏನೋ ಸನ್ನೆ ಮಾಡಿದಳು. ಆಶೀರ್ವಾದ ಕೇಳುತ್ತಿದ್ದಾಳೆಂದು ಅವನು ಅವಳ ಕಡೆಗೆ ಒಂದು ಹಿಡಿ ಅಕ್ಷತೆ ಎಸೆದ. ಕೊನೆಗೆ ಆಂಡಾಳ್ ಮಂಟಪದಿಂದ ಇಳಿದು ಬಂದು ಅವನ ತಲೆಯಿಂದ ಹೆಡ್‌ಫೋನು ಕಿತ್ತಳು. ಆಗ ಅವನಿಗೆ ಸಭೆಯ ಮೌನ ಕೇಳಿಸಿತು.

“ಕೇಳಿಸ್ತಾ ಎಲ್ಲರಿಗೂ?” ಎಂದು ಮೆಲ್ಲಗೆ ಕೇಳಿದ.

“ವಿ.ವಿ. ಪುರಂಗೂ ಕೇಳಿಸಿರುತ್ತೆ” ಎಂದರು ನನ್ನ ಪಕ್ಕದಲ್ಲಿದ್ದ ಚಂದ್ರಶೇಖರಯ್ಯನವರು.

ವಾಧ್ಯಾರರು ಗಡಿಯಾರ ನೋಡಿದರು. “ಅಮ್ಮ, ಇನ್ನು ಒಂಬತ್ತು ನಿಮಿಷ ಇದೆ. ಆಮೇಲೆ ಈ ಮಾಸದಲ್ಲಿ ಇವರಿಬ್ಬರ ನಕ್ಷತ್ರಕ್ಕೆ ಮುಹೂರ್ತ ಇಲ್ಲ.”

“ಒಂಟಿ ಸೀನಿನ ಮೇಲೆ ತಾಳಿ ಕಟ್ಸೋಕೆ ನಾನು ಒಪ್ಪಲ್ಲ” ಎಂದರು ಕೋಮಳಮ್ಮನವರು. ಸಿಟ್ಟಿನಿಂದಲ್ಲ, ಮಂಟಪದ ಕಂಬವನ್ನು ಹಿಡಿದುಕೊಂಡು. “ಇನ್ನೊಂದು ಬರ್ಲಿ. ಕಾಯ್ತೀನಿ.”

ಆರುನೂರು ಜನರ ಕಣ್ಣು ದೊರೆಸ್ವಾಮಿಯ ಮೂಗಿನ ಮೇಲೆ ನೆಟ್ಟಿತು. ಅಷ್ಟು ಗೌರವ ಆ ಮೂಗಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

“ಸೀನೋ ಅಣ್ಣಾ!” ಎಂದಳು, ಸೀನಬೇಡವೆಂದು ಮೂರು ತಿಂಗಳು ಬೇಡಿಕೊಂಡಿದ್ದ ಆಂಡಾಳ್.

ದೊರೆಸ್ವಾಮಿ ಪ್ರಯತ್ನಿಸಿದ. ಬಾಯಿ ತೆರೆದ, ತಲೆಯೆತ್ತಿದ, “ಹಾ... ಹಾ...” ಎಂದ. ಸಭೆಯೂ ಅವನ ಜೊತೆಗೆ ಬಾಯಿ ತೆರೆದು “ಹಾ...” ಎಂದಿತು. ಏನೂ ಬರಲಿಲ್ಲ. ಸರಕಾರಿ ಸೇವೆ ಮಾಡಿದ ಮೂಗು. ಮೇಲಿನಿಂದ ಆಜ್ಞೆ ಬಂದ ಕೂಡಲೇ ಕೆಲಸ ನಿಲ್ಲಿಸಿತ್ತು.

“ಬಿಸಿಲು ನೋಡ್ಸಿ!” ಎಂದರು ಒಬ್ಬರು. ಅವನನ್ನು ಬಾಗಿಲಿಗೆ ಎಳೆದೊಯ್ದು ಸೂರ್ಯನ ಕಡೆ ಮುಖ ತಿರುಗಿಸಿದರು. ಸೂರ್ಯ ಮೋಡದಲ್ಲಿದ್ದ. “ಮೆಣಸಿನಕಾಯಿ ಒಗ್ಗರಣೆ!” ಎಂದರು ಇನ್ನೊಬ್ಬರು. ಅಡುಗೆಯವರು ಹೊಗೆಯಾಡುವ ಸೌಟನ್ನು ತಂದು ಸಭೆಯ ಮಧ್ಯೆ ಹಿಡಿದರು. ಆರುನೂರು ಜನರೂ ಕೆಮ್ಮಿದರು, ದೊರೆಸ್ವಾಮಿಯೊಬ್ಬ ಆರಾಮವಾಗಿ ನಿಂತಿದ್ದ.

“ಕೆಮ್ಮು ಲೆಕ್ಕಕ್ಕಿಲ್ಲ” ಎಂದು ಕೋಮಳಮ್ಮನವರು ಕೆಮ್ಮುತ್ತಾ ಹೇಳಿದರು.

“ಐದು ನಿಮಿಷ” ಎಂದರು ವಾಧ್ಯಾರರು. ಧೃತಿಯ ಕಣ್ಣು ತುಂಬಿತ್ತು. ಕಶ್ಯಪ ತಾಳಿ ಹಿಡಿದ ಕೈಯನ್ನು ಕೆಳಗಿಳಿಸಿರಲಿಲ್ಲ. ನೋವಾದಾಗ ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟುಕೊಂಡಿದ್ದ. ಈ ಹುಡುಗನನ್ನು ಬಿಟ್ಟುಕೊಡಬಾರದೆಂದು ನನಗೂ ಅನ್ನಿಸಿತು.

ಆಗ ಚಂದ್ರಶೇಖರಯ್ಯನವರು ಎದ್ದರು. ಸೊಂಟದಿಂದ ಬೆಳ್ಳಿಯ ನಸ್ಯದ ಡಬ್ಬಿ ತೆಗೆದರು. “ಐವತ್ತು ವರ್ಷದ ಅನುಭವ. ಬಾರಯ್ಯ ದೊರೆಸ್ವಾಮಿ” ಎಂದು ಮುಂದಿನ ಸಾಲಿಗೆ ಕರೆದು ಒಂದು ಚಿಟಿಕೆ ಏರಿಸಿದರು. ಏನೂ ಆಗಲಿಲ್ಲ. ಎರಡನೆಯದು. ಮೂರನೆಯದಕ್ಕೆ ದೊರೆಸ್ವಾಮಿ, “ಪರಿಮಳ ಚೆನ್ನಾಗಿದೆ” ಎಂದ.

ಇದೇ ಹೊತ್ತಿಗೆ ಊಟದ ಮನೆಯಲ್ಲಿ ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಂಡಿದ್ದ ಯೋಗಾನಂದನಿಗೆ ಸ್ಪೀಕರುಗಳ ಸದ್ದು ನಿಂತಿರುವುದು ಅರಿವಿಗೆ ಬಂತು. ಮಕ್ಕಳಿಗೆ ಏನಾಯಿತೋ ಎಂದು ಎಂಜಲುಗೈಯಲ್ಲೇ ಓಡಿ ಬಂದ. “ಸಾರ್, ಕೆಂಪು ಲೈಟ್ ಉರೀತಿದೆ, ಬಾಗ್ಲು ಹಾಕ್ಕೊಂಬಿಟ್ಟಿದೆ!” ಎಂದು ಮೊಣಕೈಯಿಂದ ಗಟ್ಟಿಮೇಳವನ್ನು ನಿಲ್ಲಿಸಿ ಕೆಂಪು ಗುಂಡಿಯನ್ನು ಒತ್ತಿದ. ವಿಜಯ ಬಾಗಿಲು ತೆರೆದ. ನಾಲ್ಕು ಸ್ಪೀಕರುಗಳೂ ಜೀವ ತಳೆದವು. ವಾಧ್ಯಾರರ ಮೈಕು, ಅವರ ಜೊತೆ ವಾದ ಮಾಡುತ್ತಿದ್ದ ಕೋಮಳಮ್ಮನವರ ಮುಖದ ಎದುರಿಗೇ ಇತ್ತು.

“ಇನ್ನೊಂದು ಹಾಕ್ತೀನಿ, ಸ್ಟ್ರಾಂಗ್ ಆಗಿ” ಎಂದು ಚಂದ್ರಶೇಖರಯ್ಯನವರು ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆದರು. ಬಲಗಡೆ ಗಾಳಿ ಬೀಸುತ್ತಿದ್ದ ದೊಡ್ಡ ಫ್ಯಾನು, ಭಗವಂತನ ಪ್ರೇರಣೆಯೋ ಎಂಬಂತೆ, ಆಗ ಇತ್ತ ಕತ್ತು ತಿರುಗಿಸಿತು. ಡಬ್ಬಿ ಬರಿದಾಯಿತು. ಒಂದು ಕಂದು ಬಣ್ಣದ ಮೋಡ ನಿಧಾನವಾಗಿ ಮುಂದಿನ ಸಾಲನ್ನು ದಾಟಿ ಮಂಟಪವನ್ನು ಹತ್ತಿ ಕೋಮಳಮ್ಮನವರನ್ನು ಆವರಿಸಿತು.

ಅವರು ಹೋರಾಡಿದರು. ಅದನ್ನು ನಾನು ನ್ಯಾಯವಾಗಿ ಹೇಳಬೇಕು. ಸೆರಗನ್ನು ಮೂಗಿಗೆ ಒತ್ತಿದರು. ಕಣ್ಣು ಮುಚ್ಚಿದರು. ನಾಲಗೆ ಮೇಲೊತ್ತಿದರು. ಕಂಬವನ್ನು ತಬ್ಬಿ ಹಿಡಿದರು. ಅರ್ಧ ಗಂಟೆಯ ಹಿಂದೆ ದೊರೆಸ್ವಾಮಿ ಮಾಡಿದ್ದ ಎಲ್ಲ ವಿದ್ಯೆಗಳೂ ಅವರಿಗೆ ಬರುತ್ತಿದ್ದವು. ಸಭೆ ಉಸಿರು ಬಿಗಿಹಿಡಿಯಿತು.

“ಅಜ್ಜೀ, ತಡೀಬೇಡಿ” ಎಂದ ಕಶ್ಯಪ.

ನಾಲ್ಕು ಸ್ಪೀಕರುಗಳಿಂದ ಕೋಮಳಮ್ಮನವರ ಸೀನು ಏಕಕಾಲದಲ್ಲಿ ಹೊರಟಿತು. ತೋರಣದ ಮಾವಿನೆಲೆ ಅಲುಗಿತು. 

ವಿಜಯ ಮತ್ತೆ ಬಾಗಿಲು ಹಾಕಿದ.

“ಎರಡು!” ಎಂದು ಚಂದ್ರಶೇಖರಯ್ಯನವರು ಕೂಗಿದರು.

“ಅದು ಹೇಗಾಗುತ್ತೆ?” ಕೋಮಳಮ್ಮನವರ ಧ್ವನಿ ಬಹಳ ಸಣ್ಣದಾಗಿತ್ತು. “ಎರಡೂ ಒಬ್ಬರದೇ ಆಗ್ಬೇಕಲ್ವಾ?”

ಭಾಷ್ಯಂ ವಾಧ್ಯಾರರು ಮೇಲುಹೊದಿಕೆಯನ್ನು ಸರಿಮಾಡಿಕೊಂಡರು. “ಅಮ್ಮ, ಎರಡೂ ಒಂದೇ ಮೂಗಿಂದ ಬರ್ಬೇಕು ಅಂತ ನಾನು ಎಲ್ಲೂ ಓದಿಲ್ಲ. ಬೇರೆ ಬೇರೆ ಅಂತ ಇಟ್ಕೊಂಡ್ರೆ, ಹೆಣ್ಣಿನ ಕಡೆ ಒಂದು ಒಂಟಿ, ಗಂಡಿನ ಕಡೆ ಒಂದು ಒಂಟಿ. ಆಗ ಕೇಡು ನಿಮ್ಮಿಂದಲೂ ಬಂತು ಅಂತಾಗುತ್ತೆ. ಸೇರಿಸಿಕೊಂಡ್ರೆ ಜೋಡಿ, ಎರಡು ಮನೆ ಸೇರಿ ಹೇಳಿದ ಶುಭ. ಹಿರಿಯರು, ನೀವೇ ಹೇಳಿ. ಎರಡು ನಿಮಿಷ ಇದೆ.”

ಕೋಮಳಮ್ಮನವರು ಮೊಮ್ಮಗನ ಇನ್ನೂ ಇಳಿಯದ ಕೈಯನ್ನು ನೋಡಿದರು. ಧೃತಿಯ ಮುಖವನ್ನು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

“ಜೋಡಿ” ಎಂದರು. “ಕಟ್ಟೋ.”

“ಗಟ್ಟಿಮೇಳ!” ಎಂದರು ವಾಧ್ಯಾರರು.

ಬಾಗಿಲು ಹಾಕಿದ್ದ ವಿಜಯ ತೆರೆಯಲಿಲ್ಲ. ದೊರೆಸ್ವಾಮಿ ಲ್ಯಾಪ್‌ಟಾಪಿನ ಕಡೆ ಧಾವಿಸಿದ. “ಅದನ್ನ ಮುಟ್ಟಿದ್ರೆ ನೋಡು!” ಎಂದು ಆಂಡಾಳ್ ಅವನ ಮೇಲುಹೊದಿಕೆ ಹಿಡಿದು ಎಳೆದಳು. ಅವನು ಸುತ್ತ ನೋಡಿದ. ಆರತಿಯ ಹಿತ್ತಾಳೆ ತಟ್ಟೆ ಸಿಕ್ಕಿತು; ಉದ್ಧರಣೆಯಿಂದ ಅದನ್ನು ಬಡಿಯತೊಡಗಿದ. ಅಡುಗೆಯವರು ಅದೇ ಸೌಟಿನಿಂದ ಸಾರಿನ ಕೊಳಗವನ್ನು ಬಾರಿಸಿದರು. ಹೆಂಗಸರು ಬಳೆ ಝಣಝಣಿಸುವಂತೆ ಚಪ್ಪಾಳೆ ತಟ್ಟಿದರು. ತನ್ನ ಆ ‘ಮಕ್ಕಳ’ ಮೇಲೆ ಯಾರೂ ಕೈಯೆತ್ತದಂತೆ ಕಾದುಕೊಂಡಿದ್ದ ಯೋಗಾನಂದ, “ಹೊಡೀರಿ ಸಾರ್, ಹೊಡೀರಿ!” ಎಂದು ತನ್ನ ಸ್ಪೀಕರನ್ನೇ ಮಗುಚಿ ಡೋಲಿನಂತೆ ಎರಡೂ ಕೈಯಲ್ಲಿ ಬಡಿದ. ನಾನು ನನ್ನ ಊರುಗೋಲಿನಿಂದ ಕಬ್ಬಿಣದ ಕುರ್ಚಿಯನ್ನು ಬಾರಿಸುತ್ತಿದ್ದೇನೆಂಬುದು ಚಂದ್ರಶೇಖರಯ್ಯನವರು ಹೇಳಿದ ಮೇಲೆ ನನಗೆ ತಿಳಿಯಿತು. ಆ ಗದ್ದಲದಲ್ಲಿ ಯಾರು ಸೀನಿದರೋ, ಯಾರು ಅತ್ತರೋ, ಯಾರಿಗೂ ಕೇಳಿಸಲಿಲ್ಲ. ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಮೂರನೆಯ ಗಂಟು ಬಿತ್ತು.

ಊಟದ ಪಂಕ್ತಿಯಲ್ಲಿ ದೊರೆಸ್ವಾಮಿ ತುದಿಯಿಂದ ಎರಡನೆಯ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲಿ ನಾನು. ಬೀಗರ ಸಾಲಿನಲ್ಲಿ ಕೂರಬೇಕಾದ ಕೋಮಳಮ್ಮನವರು ಊರುಗೋಲು ಊರಿಕೊಂಡು ಸೀದಾ ಅವನ ಕಡೆಗೇ ಬಂದು, ಅವನ ಆಚೆಗಿದ್ದ ಎಲೆಯ ಮುಂದೆ ಕೂತರು. ಅವನು ಎದ್ದು ಓಡಿಹೋಗಲು ದಾರಿಯಿರಲಿಲ್ಲ. ಒಂದು ಕಡೆ ಅವರು, ಇನ್ನೊಂದು ಕಡೆ ನಾನು.

“ನಿಮ್ಮದು ಯಾವಾಗಲೂ ಒಂದೇನಾ?” ಎಂದು ಮೆಲ್ಲಗೆ ಕೇಳಿದರು.

“ಹೌದಮ್ಮ. ಚಿಕ್ಕಂದಿನಿಂದ. ಎಷ್ಟು ಪ್ರಯತ್ನ ಮಾಡಿದ್ರೂ ಎರಡನೇದು ಬರಲ್ಲ.”

ಅವರು ಅತ್ತಿತ್ತ ನೋಡಿ ಧ್ವನಿಯನ್ನು ಇನ್ನೂ ತಗ್ಗಿಸಿದರು. “ನಂದೂ ಒಂದೇ. ಮದುವೆಯಾಗಿ ಬಂದ ದಿನ, ಹೊಸಿಲು ದಾಟೋವಾಗ ಒಂದು ಸೀನ್ಬಿಟ್ಟೆ. ಆಮೇಲೆ ಆ ಮನೇಲಿ ಹಾಲು ಒಡೆದ್ರೂ ನನ್ನ ಸೀನು, ಹಸು ಸತ್ರೂ ನನ್ನ ಸೀನು. ನಮ್ಮತ್ತೆ ಕಣ್ಣು ಮುಚ್ಚೋವಾಗ ಕೂಡ ನನ್ನ ಮೂಗನ್ನೇ ನೋಡ್ತಿದ್ರು. ಅರವತ್ತು ವರ್ಷ ಆಯ್ತು, ಒಂದು ಶುಭಕಾರ್ಯದಲ್ಲಿ ನಾನು ನೆಮ್ಮದಿಯಾಗಿ ಕೂತಿಲ್ಲ. ಯಾರಾದ್ರೂ ಸೀನಿದ್ರೆ ಸಾಕು, ನನ್ನ ಎದೆ ಒಡೆದುಹೋಗೋದು.”

ದೊರೆಸ್ವಾಮಿ ತನ್ನ ಎಲೆಯಲ್ಲಿದ್ದ ಬೆಲ್ಲದ ಸಿಹಿ ಅಕ್ಕಾರವಡಿಸಲನ್ನು ಅವರ ಎಲೆಗೆ ಬಡಿಸಬಹುದೇ ಎಂಬಂತೆ ನೋಡಿದ. ಅದು ಎಂಜಲೆಂದು ನೆನಪಾಗಿ ಕೈ ಹಿಂದೆಗೆದ.

“ಇವತ್ತು ಎಷ್ಟು ಹಗುರವಾಯ್ತು ಅಂದ್ರೆ...” ಎಂದು ಕೋಮಳಮ್ಮನವರು ಮಾತು ಮುಗಿಸದೆ ತುಪ್ಪ ಹಾಕಿಸಿಕೊಂಡರು. ಎರಡು ತುತ್ತು ತಿಂದ ಮೇಲೆ ಅವನ ಕಡೆಗೆ ತಿರುಗಿದರು.

“ಶ್ರಾವಣದಲ್ಲಿ ನಮ್ಮ ಮನೇಲಿ ಉಪನಯನ ಇದೆ. ನಿಮ್ಮ ಮಿಷನ್ನು ಮನೇಲೇ ಬಿಟ್ಟು ಬನ್ನಿ. ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ನನಗೆ ಬಂದ್ರೆ ನೀವು ಸೇರಿಸಿ, ನಿಮಗೆ ಬಂದ್ರೆ ನಾನು ಸೇರಿಸ್ತೀನಿ.”